ನಡುಗೋಡೆಯ ತೇವ

ಮನೆ ಖಾಲಿ ಇದೆ ಎಂದು ಬೋರ್ಡು ತೂಗುಹಾಕಿದವರೇ ನಮಗೆ "ನೆಂಟ್ರು ಬತ್ತಾವ್ರೆ, ಕೊಡಾಕಾಗಲ್ಲ" ಎಂದು ಹೇಳಿ ಕಳಿಸುತ್ತಿದ್ದರು. ತೊಂಬತ್ತರ ದಶಕದ ಕೊನೆಯ ಮಾತಿದು. ನನ್ನ ಗಂಡನಿಗೆ ಅರಸೀಕೆರೆ ಜಂಕ್ಷನ್ನಿಗೆ ವರ್ಗವಾಗಿತ್ತು, ನನಗೆ ಅಲ್ಲೇ ಶಾಲೆಯಲ್ಲಿ ಕೆಲಸ. ಬಾಡಿಗೆಯ ಮಾತು ಮುಗಿದು, ನಲ್ಲಿ ನೀರಿನ ಮಾತು ಮುಗಿದು, ಕೊನೆಗೆ "ನೀವು ಯಾವ ಪೈಕಿ?" ಎಂಬಲ್ಲಿಗೆ ಬರುತ್ತಿತ್ತು. ಹಾಳಾದವರ ನೆಂಟರೆಲ್ಲ ಒಟ್ಟಿಗೇ ಈ ಊರಿಗೆ ಬರಬೇಕಿತ್ತೇ ಎಂದು ನಾನು ಬೀದಿಯಲ್ಲೇ ಬೈಯುತ್ತಿದ್ದೆ. ನನ್ನ ಬಾಯಿ ಮೊದಲಿನಿಂದಲೂ ಹಾಗೆ.

ಕೊನೆಗೆ ಕೊಟ್ಟವರು ಒಬ್ಬ ವಯಸ್ಸಾದ ಹೆಂಗಸು. ಕಣಕಟ್ಟೆ ಕಡೆ ತೆಂಗಿನ ತೋಟವಿದ್ದವರು. ಒಂದೇ ಮನೆಯನ್ನು ನಡುವೆ ಇಬ್ಭಾಗ ಮಾಡಿ ಅರ್ಧದಲ್ಲಿ ತಾವಿದ್ದು ಇನ್ನರ್ಧ ಬಾಡಿಗೆಗೆ ಬಿಟ್ಟಿದ್ದರು. ಅವರೂ ಕೇಳಿದರು. ನನ್ನ ಗಂಡ ಇದ್ದದ್ದನ್ನೇ ಹೇಳಿದರು, "ನಾವು ಬೌದ್ಧರು."

"ಯಾವೂರಾಯ್ತು?"

"ಹಳೇಬೀಡಿನ ಹತ್ರ, ಬಸ್ತಿಹಳ್ಳಿ ಪಕ್ಕ."

ಅಜ್ಜಿಯ ಮುಖ ಅರಳಿತು. "ಓ, ಬಸದಿಯೋರು! ಅದೇ ಈರುಳ್ಳಿ ಬೆಳ್ಳುಳ್ಳಿನೂ ಮುಟ್ಟಾಕಿಲ್ವಲ್ಲ ನೀವು? ಹಂಗಾರೆ ಸೈ ಬುಡಿ, ನಾಳೇನೇ ಬನ್ನಿ."

ನಮ್ಮ ಅಪ್ಪನ ಕಾಲದಲ್ಲಿ ಊರಾಚೆಯ ನಮ್ಮ ಕೇರಿಗೆ ಕೇರಿಯೇ ಬೌದ್ಧವಾಗಿತ್ತು. ಬಸ್ತಿಹಳ್ಳಿಯ ಜೈನ ಬಸದಿಗಳಿಗೂ ನಮಗೂ ಇದ್ದ ಸಂಬಂಧವೆಂದರೆ ಅದರ ಮುಂದಿನ ದಾರಿಯಲ್ಲಿ ನಾವು ಶಾಲೆಗೆ ನಡೆದದ್ದು ಮಾತ್ರ. ಅಜ್ಜಿಗೆ ಬೌದ್ಧರೂ ಜೈನರೂ ಒಂದೇ ಆಗಿ ಕಂಡಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಗಂಡ ನನ್ನ ಕಾಲು ತುಳಿದರು. ಈ ಮನೆಯೂ ಕೈತಪ್ಪಿದರೆ ದಿನಾ ಹಳೇಬೀಡಿನಿಂದ ಬಸ್ಸು ಹಿಡಿಯುವುದೇ ಗತಿ ಎಂದು ಇಬ್ಬರಿಗೂ ಗೊತ್ತಿತ್ತು.

ಅಜ್ಜಿ ಕೆಟ್ಟವರಾಗಿರಲಿಲ್ಲ, ಅದನ್ನು ಈಗಲೂ ಹೇಳುತ್ತೇನೆ. ನನಗೆ ಜ್ವರ ಬಂದಾಗ ಗಂಜಿ ಕಳಿಸಿದರು. "ಮಗಾ" ಎಂದೇ ಕರೆಯುತ್ತಿದ್ದರು. ನಮ್ಮದು ಮಡಿಯ ಮನೆ ಎಂದುಕೊಂಡು ಹೊಸಿಲು ದಾಟಿ ಒಳಗೆ ಬರುತ್ತಿರಲಿಲ್ಲ. ಜೈನರ ಹಾಗೆ ದೀಪ ಹಚ್ಚುವ ಮೊದಲೇ ನಾವು ಊಟ ಮುಗಿಸುತ್ತೇವೆಂದು ಬೀದಿಗೆಲ್ಲ ಸಾರಿದ್ದರು. ಇಲ್ಲಿ ನಾವು ಕಿಟಕಿ ಜಡಿದುಕೊಂಡು ಕೋಳಿ ಸಾರು ಉಣ್ಣುತ್ತಿದ್ದೆವು. ಮೊದಮೊದಲು ನಗು ಬರುತ್ತಿತ್ತು. ಆಮೇಲಾಮೇಲೆ ಕೋಳಿ ತರುವುದನ್ನೇ ಕಡಿಮೆ ಮಾಡಿದೆವು.

ಮೀನಿನ ಹುಚ್ಚು ನನ್ನ ಗಂಡನದು. ಬೆಂಗಳೂರಿನಿಂದ ಗಾಜಿನ ತೊಟ್ಟಿಯನ್ನು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಅದನ್ನು ನಡುಮನೆಯಲ್ಲಿ, ಅಜ್ಜಿಯ ಮನೆಗೂ ನಮ್ಮ ಮನೆಗೂ ನಡುವೆ ಇದ್ದ ಗೋಡೆಗೆ ಒತ್ತಿ ಇಟ್ಟರು. ಕೆಂಪು ಮೀನುಗಳು. ಅಜ್ಜಿ ಹೊಸಿಲಾಚೆಯಿಂದಲೇ "ಮೀನಿಗೂ ಜೀವ ಉಳಿಸ್ತೀರಲ್ಲ, ನಿಮ್ಮ ಧರ್ಮವೇ ಧರ್ಮ ಕಣವ್ವ" ಎಂದರು. ಅದೇ ಗೋಡೆಯಲ್ಲಿ, ಹೊಸಿಲಾಚೆ ನಿಂತವರಿಗೆ ಕಾಣದ ಮೂಲೆಗೆ, ನಮ್ಮಪ್ಪ ಕೊಟ್ಟ ಪಟವಿತ್ತು. ನೀಲಿ ಕೋಟು, ದುಂಡು ಕನ್ನಡಕ, ಕೈಯಲ್ಲಿ ಸಂವಿಧಾನ. ಅದನ್ನು ನೋಡಿದವರು ನಾವು ಯಾರೆಂದು ಮತ್ತೆ ಕೇಳಬೇಕಾಗಿರಲಿಲ್ಲ.

ಒಂದು ಮಧ್ಯಾಹ್ನ ಶಾಲೆಯಿಂದ ಬಂದಾಗ ತೊಟ್ಟಿಯ ನೀರು ಇಳಿದಿತ್ತು. ಕೆಳಗಿನ ಅಂಟು ಎಲ್ಲೋ ಬಿಟ್ಟಿತ್ತು. ನೆಲ ಒಣಗಿಯೇ ಇತ್ತು, ಅದಕ್ಕೇ ನನಗೆ ದಿಗಿಲಾಯಿತು. ಹಳೆಯ ಮಣ್ಣಿನ ಗೋಡೆ, ಎಷ್ಟು ದಿನದಿಂದ ಕುಡಿಯುತ್ತಿತ್ತೋ. ತೊಟ್ಟಿಯನ್ನು ಈಚೆಗೆ ಸರಿಸಿ ನೋಡಿದರೆ ಸುಣ್ಣ ಉಬ್ಬಿ, ಕಪ್ಪು ತೇವ ಮೊಣಕಾಲೆತ್ತರಕ್ಕೆ ಹತ್ತಿತ್ತು. ಮೀನುಗಳನ್ನು ಹಂಡೆಗೆ ಹಾಕಿದೆವು. ಫ್ಯಾನು ತಿರುಗಿಸಿಟ್ಟೆವು, ಕೆಂಡದ ಬಾಣಲೆ ಇಟ್ಟೆವು. ತೊಟ್ಟಿ ತೆಗೆದ ಮೇಲೂ ಒಳಗೆ ಕುಡಿದಿದ್ದ ನೀರು ಮೇಲಕ್ಕೆ ಹತ್ತುತ್ತಲೇ ಇತ್ತು. ದಿನಾ ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದದ್ದು ಆ ಗೋಡೆಯನ್ನೇ.

ಗೋಡೆಯ ಆಚೆ ಬದಿಗೆ ಅಜ್ಜಿಯ ಕೊಬ್ಬರಿ ಅಟ್ಟ. ನಮ್ಮ ಸೀಮೆಯಲ್ಲಿ ಕೊಬ್ಬರಿ ಮಾಡುವುದೆಂದರೆ ಸಿಪ್ಪೆ ಸಮೇತ ಕಾಯಿಯನ್ನು ಹಲಗೆಯ ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಸುಮ್ಮನೆ ಬಿಡುವುದು. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗುಡುಗುಡು ಅನ್ನಬೇಕು. ತೇವ ತಗುಲಿತೋ, ಕೊಳೆಯುತ್ತದೆ. ಅಜ್ಜಿ ಆಗಾಗ ಒಂದೊಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುವುದು ನಮಗೆ ಈಚೆಗೇ ಕೇಳಿಸುತ್ತಿತ್ತು. ಆ ವಾರ ಆ ಸದ್ದು ಕೇಳಿದಾಗಲೆಲ್ಲ ನಾನು ಹೋಗಿ ಗೋಡೆ ಮುಟ್ಟಿ ನೋಡುತ್ತಿದ್ದೆ.

ಶನಿವಾರ ಅಜ್ಜಿ ಹೊಸಿಲಾಚೆ ನಿಂತರು. "ನಮ್ ಕಡೆ ಗೋಡೆ ಬೆವರ್ತಾ ಐತೆ ಕಣ್ ಮಗಾ. ನಾಳೆ ಗಾರೆಯವನ್ನ ಕರ್ಕಂಡು ಬತ್ತೀನಿ. ನಿಮ್ ಕಡೆಯಿಂದ ನೋಡ್ಬೇಕಂತೆ. ಒಳಗೆ ಬಂದ್ರೆ ಮೈಲಿಗೆ ಆಗಾಕಿಲ್ವಾ ನಿಮಗೆ?"

ನಮಗೆ ಮೈಲಿಗೆ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಬನ್ನಿ ಅಜ್ಜಿ" ಎಂದೆ.

ಅವರು ಹೋದದ್ದೇ ತಡ, ಗಂಡ ಸ್ಟೂಲು ಹತ್ತಿ ಪಟ ಇಳಿಸಿದರು. "ತೇವ ಇಲ್ಲೀವರೆಗೂ ಬಂದ್ರೆ ಹಾಳಾಗುತ್ತೆ" ಎಂದರು. ತೇವ ಇನ್ನೂ ಸೊಂಟದೆತ್ತರವೂ ಬಂದಿರಲಿಲ್ಲ.

"ನೀರಿಗೆ ಹೆದರಿ ಇಳಿಸ್ತಿದ್ದೀರೋ, ಆಯಮ್ಮನಿಗೆ ಹೆದರಿ ಇಳಿಸ್ತಿದ್ದೀರೋ?"

"ಮತ್ತೆ ಮನೆ ಹುಡುಕೋ ತಾಕತ್ತಿದೆಯಾ ನಿಂಗೆ?" ಪಟವನ್ನು ಟವೆಲ್ಲಿನಲ್ಲಿ ಸುತ್ತಿ ಟ್ರಂಕಿನೊಳಗೆ, ಸೀರೆಗಳ ಕೆಳಗೆ ಇಟ್ಟರು. ನನಗೆ ನಮ್ಮಪ್ಪನನ್ನೇ ಟ್ರಂಕಿಗೆ ಹಾಕಿ ಬೀಗ ಜಡಿದಂತಾಯಿತು. ಸಾಕಾಗಿತ್ತು ನನಗೆ. ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ಪಟ ತೆಗೆದು, ಎದುರಿನ ಒಣ ಗೋಡೆಗೆ, ಬಾಗಿಲಿನಿಂದ ಬಂದವರ ಕಣ್ಣಿಗೆ ಬೀಳುವಂತೆ ನೇತುಹಾಕಿದೆ. ಗಂಡ ಬಂದು ನೋಡಿದರು. ಅಂಗಿ ಹಾಕಿಕೊಂಡು ಪಟದ ಪಕ್ಕದಲ್ಲೇ ನಿಂತರು.

ಗಾರೆಯವನು ಗೋಡೆ ತಟ್ಟಿ, ಉಗುರಿನಿಂದ ಕೆರೆದು ನೋಡಿದ. "ಮೇಲ್ ಮೇಲೇ ನೆನೆದೈತೆ ಕಣಜ್ಜಿ. ಬಿಸಿಲು ಗಾಳಿ ಬಿಟ್ರೆ ತಾನೇ ಒಣಗ್ತದೆ. ಕಾಯಿಗೇನೂ ಆಗಿಲ್ಲ, ಅಟ್ಟ ಎತ್ತರದಾಗೈತೆ" ಎಂದ. ನನಗೆ ಒಂದು ಗಳಿಗೆ ಉಸಿರು ಬಂತು.

ಅಜ್ಜಿ ಅವನ ಮಾತು ಕೇಳುತ್ತಿರಲಿಲ್ಲ. ಪಟವನ್ನು ನೋಡುತ್ತಿದ್ದರು. ಆಮೇಲೆ ನನ್ನನ್ನು ನೋಡಿದರು, ನಾನು ಗಂಜಿ ಕುಡಿದು ತೊಳೆದು ವಾಪಸು ಕೊಟ್ಟಿದ್ದ ಪಾತ್ರೆಗಳನ್ನೆಲ್ಲ ನೆನೆಸಿಕೊಳ್ಳುತ್ತಿದ್ದಾರೆಂದು ನನಗನ್ನಿಸಿತು. ಸೆರಗು ಮೈಗೆ ಬಿಗಿಯಾಗಿ ಸುತ್ತಿಕೊಂಡು, ಯಾವುದಕ್ಕೂ ತಗುಲದಂತೆ ಹೊರಗೆ ನಡೆದರು. ಅಂಗಳದಲ್ಲಿ ನಿಂತು, ನಮ್ಮ ಕಡೆ ತಿರುಗದೆ ಹೇಳಿದರು. "ಗೋಡೆ ಬಾಳ ನೆನೆದೈತೆ. ರಿಪೇರಿ ಮಾಡಿಸ್ಬೇಕು. ಮನೆ ಖಾಲಿ ಮಾಡ್ಬುಡಿ ನೀವು." ಮಗಾ ಅನ್ನಲಿಲ್ಲ.

"ಒಣಗುತ್ತೆ ಅಂದನಲ್ಲ ಅಜ್ಜಿ, ನಿಮ್ಮ ಮುಂದೇನೇ!" ಎಂದು ನಾನು ಕೂಗಿದೆ.

"ನೀರು ತಗುಲಿದ ಗೋಡೆ ನಿಲ್ಲಾಕಿಲ್ಲ" ಎಂದು ಬಾಗಿಲು ಹಾಕಿಕೊಂಡರು.

ಆ ತಿಂಗಳ ಕೊನೆಗೆ ಸಾಮಾನು ಟೆಂಪೋಗೆ ಹೇರಿದೆವು. ಗೋಡೆ ಅಷ್ಟರಲ್ಲಿ ಬೆಳ್ಳಗೆ ಒಣಗಿತ್ತು. ನಾನು ಮೀನಿನ ಹಂಡೆಯನ್ನು ತೊಡೆಗಳ ನಡುವೆ ಇಟ್ಟುಕೊಂಡು ಹಿಂದೆ ಕೂತಿದ್ದೆ. ಟೆಂಪೋ ಇನ್ನೂ ಹೊರಟಿರಲಿಲ್ಲ, ನಾವಿದ್ದ ಮನೆಯ ಬಾಗಿಲು ಹಾರುಹೊಡೆದು ಆಳು ಹೆಂಗಸು ಒಳಗೆ ಹೋದಳು. ಅವಳ ಕೈಯಲ್ಲಿ ಗಂಜಲ ಬೆರೆಸಿದ ನೀರಿನ ಕೊಡವಿತ್ತು. ನೆಲಕ್ಕೆ ಸುರಿದಳು, ಆಮೇಲೆ ಗೋಡೆಗೂ ಎರಚಿದಳು. ಅದೇ ನಡುಗೋಡೆಗೆ. ಕೆಂಪು ಮಣ್ಣು ಕರಗಿ ಹೊಸಿಲು ದಾಟಿ ಹರಿದು ಬಂತು.

ನನಗೆ ತಡೆಯಲಾಗಲಿಲ್ಲ. "ಅಜ್ಜೀ, ಗೋಡೆ ನೆನೀತಾ ಐತೆ, ನಿಮ್ ಕೊಬ್ಬರಿ ಕೊಳೀತದೆ ನೋಡಿ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ.

ಅಜ್ಜಿ ಬಾಗಿಲಲ್ಲೇ ನಿಂತಿದ್ದರು. ನನ್ನ ಕಡೆ ನೋಡಲಿಲ್ಲ.

"ಇನ್ನೊಂದು ಕೊಡ ಸುರಿಯೇ" ಎಂದರು ಆಳಿಗೆ.