ಮೇಷ್ಟ್ರ ರೆಕಾರ್ಡು ಸೊಟ್ಟಗಾದ ವಾರ

ಬೀದಿಯವರೆಲ್ಲ ಅವಳನ್ನು ಇಸ್ತ್ರಿ ಅಕ್ಕ ಎಂದೇ ಕರೆಯುತ್ತಾರೆ. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಿಗೂ ಅವಳು ಅಕ್ಕನೇ. ಆಸ್ಪತ್ರೆಯ ಬಿಳಿ ಕೋಟು, ಹೋಟೆಲಿನ ಮೇಜುಬಟ್ಟೆ, ಶಾಲೆ ಹುಡುಗಿಯರ ನೆರಿಗೆ ಲಂಗ, ಎಲ್ಲವೂ ಅವಳ ಕೈ ಹಾದೇ ಹೋಗಬೇಕು. ಅಂಗಡಿಯೆಂದರೆ ಉದ್ದನೆಯ ಒಂದೇ ಕೋಣೆ. ಮುಂದೆ ಬಟ್ಟೆ ಕೊಟ್ಟು ತೆಗೆದುಕೊಳ್ಳುವ ಕಟ್ಟೆ, ನಡುವೆ ಇಸ್ತ್ರಿಯ ಎರಡು ಮೇಜು, ಹಿಂದೆ ಆವಿ ಕೊಡುವ ಬಾಯ್ಲರ್, ಮೂಲೆಯಲ್ಲಿ ರೆಕಾರ್ಡ್ ಪ್ಲೇಯರ್.

ಪ್ಲೇಯರ್ ತಂದವರು ಮಾವ. ಮುಚ್ಚಿಹೋದ ಕ್ಲಬ್ಬೊಂದರ ಸಾಮಾನು ಹರಾಜಾದಾಗ ಬಟ್ಟೆ ತೂಗುಹಾಕುವ ಕಂಬಿಗಳಿಗೆಂದು ಹೋದವರು, ಕಂಬಿಯ ಜೊತೆಗೆ ಪ್ಲೇಯರನ್ನೂ ಒಂದು ಪೆಟ್ಟಿಗೆ ಜಾಝ್ ರೆಕಾರ್ಡುಗಳನ್ನೂ ಹೊತ್ತು ತಂದಿದ್ದರು. ಅದೇನು ಸಂಗೀತವೆಂದು ಅವರಿಗೂ ಗೊತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಇವಳ ಕಿವಿಗೂ ಅದು ಪಾತ್ರೆ ಉರುಳಿದ ಸದ್ದೇ. ಆದರೆ ದಿನಕ್ಕೆ ನೂರು ಕೋಟು ಉಜ್ಜುವ ಕೈಗೆ ಒಂದು ತಾಳ ಬೇಕು. ಮೂರೇ ತಿಂಗಳಲ್ಲಿ ಕಿವಿಗಿಂತ ಮೊದಲು ಅವಳ ಕೈ ಅದನ್ನು ಕಲಿತುಬಿಟ್ಟಿತು. ಸ್ಯಾಕ್ಸೋಫೋನಿನ ಉದ್ದನೆಯ ಎಳೆತಕ್ಕೆ ಹೊದಿಕೆ, ಡ್ರಮ್ಮಿನ ಚಿಟಿಚಿಟಿಗೆ ಕಾಲರ್ರು, ತೋಳುಪಟ್ಟಿ. ಮಗಳು ಹುಟ್ಟಿದ ಮೇಲೆ ಮೇಜಿನ ಕೆಳಗೆ ಬಟ್ಟೆ ಬುಟ್ಟಿಯಲ್ಲಿ ಮಲಗಿಸಿದ ಕೂಸು, ದಪ್ಪ ತಂತಿವಾದ್ಯದ ದುಂ ದುಂ ಕೇಳಿದರಷ್ಟೇ ಕಣ್ಣು ಮುಚ್ಚುತ್ತಿತ್ತು.

ಮಾವ ತೀರಿಕೊಂಡ ವರ್ಷ ಅವಳು ಭಾನುವಾರ ಬೆಳಗಿನ ಕೂಟ ಶುರು ಮಾಡಿದಳು. ಬಾಯ್ಲರ್ ಆರಿಸಿ, ಮೇಜು ಸರಿಸಿ, 'ಕೇಳಲು ಬರುವವರು ಕುರ್ಚಿ ತರಬೇಕು' ಎಂದು ಬಾಗಿಲಿಗೆ ಚೀಟಿ ಅಂಟಿಸಿದಳು. ಮೊದಲ ವಾರ ಬಂದವರು ಇಬ್ಬರು. ಅವರಲ್ಲೊಬ್ಬರು ತಮ್ಮ ಪ್ಯಾಂಟು ಕೇಳಲು ಬಂದವರು. ಈಗ ಹದಿನೈದು ಜನ ಸೇರುತ್ತಾರೆ. ಮೆಚ್ಚಿನ ರೆಕಾರ್ಡೊಂದನ್ನು ತರಬೇಕು, ಯಾಕೆ ಮೆಚ್ಚು ಎಂದು ಎರಡು ಮಾತು ಹೇಳಬೇಕು, ಆಮೇಲೆ ಬಾಯಿ ಮುಚ್ಚಿ ಕೇಳಬೇಕು. ಅಷ್ಟೇ ಕಾನೂನು.

ಊರಿನ ಜಾಝ್ ಪ್ರಿಯರಲ್ಲಿ ಬರದೆ ಉಳಿದವರು ಬ್ಯಾಂಡ್ ಮೇಷ್ಟ್ರೊಬ್ಬರೇ. ಪೊಲೀಸ್ ಬ್ಯಾಂಡಿನಲ್ಲಿ ಮೂವತ್ತು ವರ್ಷ ಕವಾಯತಿಗೆ ಟ್ರಂಪೆಟ್ ಊದಿ ನಿವೃತ್ತರಾದವರು. ಮನೆಯಲ್ಲಿ ಇನ್ನೂರು ಜಾಝ್ ರೆಕಾರ್ಡು. ಹೋದವರಿಗೆ ನೋಡಲು ಬಿಡುತ್ತಿದ್ದರು, ಮುಟ್ಟಲು ಬಿಡುತ್ತಿರಲಿಲ್ಲ. ಎರಡು ವರ್ಷ ಪ್ರತಿ ಶನಿವಾರ ಅವರ ಅಂಗಿಗಳನ್ನು ಇವಳೇ ಮನೆಗೆ ಒಯ್ದು, ಕೂಟಕ್ಕೊಂದು ರೆಕಾರ್ಡು ಕೇಳಿ, ಇಲ್ಲವೆನ್ನಿಸಿಕೊಂಡು ಬಂದಳು. ಕೊನೆಗೆ ಒಂದು ಸೋಮವಾರ ಅವರೇ ಅಂಗಡಿಗೆ ಬಂದು ಕಂದು ಕವರಿನ ರೆಕಾರ್ಡೊಂದನ್ನು ಕಟ್ಟೆಯ ಮೇಲಿಟ್ಟರು.

"ಎರಡನೇ ಬದಿ ಹಾಕು. ಟ್ರಂಪೆಟ್‌ನೋನು ನಾಲ್ಕು ನಿಮಿಷ ಸುಮ್ಮನಿರ್ತಾನೆ. ಊದೋಕೆ ಬರೋರು ಬೇಕಾದಷ್ಟು ಜನ ಸಿಗ್ತಾರಮ್ಮ, ಸುಮ್ಮನಿರೋಕೆ ಬರೋನು ಇವನೊಬ್ಬನೇ. ಭಾನುವಾರ ಸಂಜೆ ವಾಪಸ್. ಇದು ಸರಿಯಾಗಿ ಬಂದ್ರೆ ಉಳಿದವುಗಳ ಮಾತು."

"ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ, ಮೇಷ್ಟ್ರೇ."

ನೋಡಿಕೊಂಡಳು ಕೂಡ, ಇಸ್ತ್ರಿಯವಳು ನೋಡಿಕೊಳ್ಳುವ ಹಾಗೆ. ಆ ಅಂಗಡಿಯಲ್ಲಿ ಬೆಲೆಬಾಳುವುದಕ್ಕೆಲ್ಲ ಒಂದೇ ಜಾಗ, ಬಾಯ್ಲರ್ ಮೇಲಿನ ಕಪಾಟು. ದಿನವಿಡೀ ಆವಿಯಲ್ಲಿ ದುಡಿಯುವವರಿಗೆ ತೇವದಷ್ಟು ದೊಡ್ಡ ಶತ್ರು ಬೇರಿಲ್ಲ. ರೇಷ್ಮೆ ಬಟ್ಟೆ, ಅಂಗಡಿಯ ಕಾಗದಪತ್ರ, ಮಗಳ ಶಾಲೆಯ ದಾಖಲೆ ಎಲ್ಲವೂ ಅಲ್ಲೇ ಬೆಚ್ಚಗೆ, ಒಣಗಿ ಇರುತ್ತವೆ. ಅವಳ ಸ್ವಂತ ರೆಕಾರ್ಡುಗಳು ಪ್ಲೇಯರಿನ ಪಕ್ಕದ ಪೆಟ್ಟಿಗೆಯಲ್ಲಿ ಬಿದ್ದಿರುತ್ತವೆ. ಇದು ಮೇಷ್ಟ್ರದು, ಮೂಲೆಯ ಥಂಡಿ ತಾಗಬಾರದು. ಹಿಂದೆಮುಂದೆ ಯೋಚಿಸದೆ ಕಪಾಟಿಗೇರಿಸಿದಳು.

ಬುಧವಾರ ಹೊರಗೆ ತೆಗೆದಳು. ರೆಕಾರ್ಡು ಬೇಸಿಗೆ ಟೋಪಿಯ ಅಂಚಿನ ಹಾಗೆ ಅಲೆಯಲೆಯಾಗಿ ಸೊಟ್ಟಗಾಗಿತ್ತು.

ಗುಂಡಿ ಹಚ್ಚುತ್ತ ಕೂತಿದ್ದ ಅತ್ತೆ ಕನ್ನಡಕದ ಮೇಲಿಂದ ನೋಡಿದರು. "ಕೊಟ್ಟಾಗಲೇ ಹೀಗಿತ್ತು ಅಂದ್ಬಿಡು."

"ಅತ್ತೆ!"

"ಯಾಕೆ, ಅವರು ಕೊಡುವಾಗ ನಾವೇನು ಅಳತೆಪಟ್ಟಿ ಹಿಡ್ಕೊಂಡು ನಿಂತಿದ್ವಾ?"

"ಕೊಟ್ಟಾಗ ಕನ್ನಡಿ ಹಾಗಿತ್ತು. ಹಾಳು ಮಾಡಿದ್ದು ನಾನು, ಹೇಳೋಳೂ ನಾನೇ. ಆದ್ರೆ ಬರೀ ಅಳುಮುಖ ಹೊತ್ಕೊಂಡು ಹೋಗಲ್ಲ. ನೆಟ್ಟಗೆ ಮಾಡೋ ದಾರಿ ಕಂಡ್ಕೊಂಡೇ ಹೋಗ್ತೀನಿ."

"ಥೇಟ್ ನಿನ್ನ ಮಾವನ ಹಟ. ನೀನು ಅವರ ಸೊಸೆನೋ ಮಗಳೋ ಅಂತ ನಂಗೇ ಅನುಮಾನ," ಎಂದು ಅತ್ತೆ ದಾರ ಕಡಿದರು.

ಸುಕ್ಕು ತೆಗೆಯುವುದೇ ಅವಳ ಕಸುಬು. ಆದರೆ ಮೇಷ್ಟ್ರದ್ದರ ಮೇಲೆ ಕೈ ಪಳಗಿಸುವ ಹಾಗಿಲ್ಲ. ತನ್ನ ಪೆಟ್ಟಿಗೆಯಿಂದ ಒಂದನ್ನು ತೆಗೆದು, ಬೇಕೆಂದೇ ಕಪಾಟಿಗೇರಿಸಿ ಸೊಟ್ಟಗೆ ಮಾಡಿದಳು. ಎರಡು ಬಿಳಿ ಬಟ್ಟೆಗಳ ನಡುವೆ ಮಲಗಿಸಿ, ಹಗುರ ಬಿಸಿಯ ಇಸ್ತ್ರಿ ಓಡಿಸಿದಳು. ನೆಟ್ಟಗಾಯಿತು ನಿಜ. ಮುಳ್ಳು ಇಟ್ಟರೆ ಕ್ಲಾರಿನೆಟ್ ಬರಬೇಕಾದಲ್ಲೆಲ್ಲ ಗರಗರ. ಬಟ್ಟೆಯ ನೇಯ್ಗೆ ರೆಕಾರ್ಡಿನ ಸಣ್ಣ ಗೆರೆಗಳ ಮೇಲೆ ಅಚ್ಚೊತ್ತಿತ್ತು.

"ಪಾಪ, ಗಂಟಲು ಕಟ್ಟಿದೆ," ಎಂದರು ಅತ್ತೆ.

ಗುರುವಾರ ಕಟ್ಟೆಯ ಷೋಕೇಸಿನ ಎರಡು ಗಾಜು ಕಳಚಿದಳು. ಈ ಸಲ ಬಲಿಗೆ ಸಿಕ್ಕಿದ್ದು ಮಗಳನ್ನು ಮಲಗಿಸುವ ರೆಕಾರ್ಡು. ಪೆಟ್ಟಿಗೆಯಲ್ಲಿ ಮೇಷ್ಟ್ರದ್ದರಷ್ಟೇ ದಪ್ಪವಿದ್ದದ್ದು ಅದೊಂದೇ. ಕೈ ಒಂದು ಗಳಿಗೆ ಹಿಂದೆ ಸರಿಯಿತು, ಆದರೂ ತೆಗೆದಳು. ಅದನ್ನೂ ಮೊದಲು ಸೊಟ್ಟಗೆ ಮಾಡಿ, ಗಾಜಿನ ನಡುವೆ ಇಟ್ಟು ಕಪಾಟಿನ ಮೇಲೆ ಕಾಯಿಸಿದಳು. ಅಂಗೈ ಊರಿ ಏಳು ಎಣಿಸುವಷ್ಟೇ ಬಿಸಿ, ಅದಕ್ಕಿಂತ ಹೆಚ್ಚಿಲ್ಲ. ಗಂಟೆ ಕಳೆದು ತೆಗೆದರೆ ಸಪಾಟಾಗಿತ್ತು. "ಪುಟ್ಟಿ, ನೋಡಿಲ್ಲಿ!" ಎಂದು ಮಗಳನ್ನು ಕರೆಯುವಷ್ಟರಲ್ಲಿ ಅವಳ ಕೈಯಲ್ಲೇ ಅದು ಮೆಲ್ಲಗೆ ಡೊಂಕಾಯಿತು.

"ಅಮ್ಮಾ, ನನ್ನ ದುಂ ದುಂ ಮುರಿದ್ಹಾಕಿದ್ಯಾ?"

"ಮುರಿದಿಲ್ಲ ಕಂದಾ, ಹಟ ಮಾಡ್ತಿದೆ. ಬಿಡು, ನಾನೂ ಬಿಡಲ್ಲ."

ಶುಕ್ರವಾರ ನಲವತ್ತು ನೆರಿಗೆ ಲಂಗಗಳಿದ್ದವು. ಎಂದಿನಂತೆ ನೆರಿಗೆಯ ಮೇಲೆ ಬಿಸಿ ಇಸ್ತ್ರಿ ಒತ್ತಿ, ಎತ್ತಿ, ತಕ್ಷಣ ಮರದ ದಿಮ್ಮಿ ಹೇರಿ ಆರುವ ತನಕ ಕಾದಳು. ಹನ್ನೊಂದು ವರ್ಷದಿಂದ ಮಾಡುತ್ತಿದ್ದ ಕೆಲಸವದು. ದಿಮ್ಮಿಯ ಮೇಲೆ ಕೈಯಿಟ್ಟು ನಿಂತವಳು ಹಾಗೇ ನಿಂತಳು. ಬಿಸಿ ಬಟ್ಟೆಯನ್ನು ಮೆತ್ತಗೆ ಮಾಡುತ್ತದೆ ಅಷ್ಟೇ, ನೆರಿಗೆಯನ್ನು ನಿಲ್ಲಿಸುವುದು ಆರುವ ಹೊತ್ತು. ಲಂಗ ಅಲ್ಲೇ ಬಿಟ್ಟು ಓಡಿದಳು. ಡೊಂಕು ದುಂ ದುಂ ಮತ್ತೆ ಗಾಜಿನ ನಡುವೆ ಹೋಯಿತು. ಬಿಸಿಯಾದ ಮೇಲೆ ಗಾಜಿನ ಸಮೇತ ನೆಲಕ್ಕಿಳಿಸಿ, ಮೇಲೆ ಹಳೆಯ ಕೆಂಡದ ಇಸ್ತ್ರಿಪೆಟ್ಟಿಗೆ ನಾಲ್ಕನ್ನು ಹೇರಿ, ಪೂರ್ತಿ ತಣ್ಣಗಾಗುವವರೆಗೆ ಯಾರನ್ನೂ ಹತ್ತಿರ ಬಿಡಲಿಲ್ಲ. ಆ ಸಂಜೆ ದುಂ ದುಂ ಮೊದಲಿನಂತೆಯೇ ಹಾಡಿತು.

ಶನಿವಾರ ಬೆಳಗ್ಗೆ ಮೂರು ರೆಕಾರ್ಡು ಹಿಡಿದು ಮೇಷ್ಟ್ರ ಬಾಗಿಲು ತಟ್ಟಿದಳು. ಮೊದಲು ಅವರದನ್ನೇ ಕೈಗಿಟ್ಟಳು.

"ನಾನೇ ಹೀಗೆ ಮಾಡಿದ್ದು, ಮೇಷ್ಟ್ರೇ. ಬಾಯ್ಲರ್ ಮೇಲಿಟ್ಟೆ. ತಪ್ಪಾಯ್ತು."

ಮೇಷ್ಟ್ರು ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರು.

"ಬಾಯ್ಲರ್ ಮೇಲೆ. ಒಲೆಯೊಳಗೇ ಹಾಕ್ಬಹುದಿತ್ತಲ್ಲಮ್ಮ, ಕೆಲಸ ಬೇಗ ಮುಗೀತಿತ್ತು."

ಅವಳು ಉಳಿದೆರಡನ್ನು ಮುಂದಿಟ್ಟಳು. "ಇವು ನನ್ನವು. ಇದು ಕೆಟ್ಟಿದ್ದು. ಇದು ಸರಿಹೋಗಿದ್ದು, ಹಾಕಿ ಕೇಳಿ. ನಿಮ್ಮದಕ್ಕೆ ಇನ್ನೂ ಕೈ ಹಚ್ಚಿಲ್ಲ. ನೀವು ಹೂಂ ಅಂದ್ರೆ ಮಾತ್ರ."

ಅವರು ಎರಡನ್ನೂ ಹಾಕಿ ಕೇಳಿದರು. ಗರಗರಕ್ಕೆ ಮುಖ ಕಿವುಚಿದರು. ದುಂ ದುಂಗೆ ಕಿವಿ ವಾಲಿಸಿದರು. ಕೊನೆಗೆ ಚಪ್ಪಲಿ ಮೆಟ್ಟಿದರು. "ನಡಿ. ನನ್ನ ಕಣ್ಣೆದುರಿಗೇ ಮಾಡು."

ಆ ದಿನ ಮೇಷ್ಟ್ರು ಬಾಯ್ಲರ್ ಪಕ್ಕದ ಸ್ಟೂಲಿನಲ್ಲಿ, ಆಸ್ಪತ್ರೆ ಬಾಗಿಲಲ್ಲಿ ಕೂತ ನೆಂಟರ ಹಾಗೆ ಕೂತಿದ್ದರು. ಅವಳು ಅಂಗೈ ಊರಿ ಏಳು ಎಣಿಸಿದಳು. ಇಳಿಸಿದಳು, ಭಾರ ಹೇರಿದಳು, ತನ್ನ ಕೋಟುಗಳಿಗೆ ಹಿಂದಿರುಗಿದಳು.

ಹತ್ತು ನಿಮಿಷಕ್ಕೆ ಮೇಷ್ಟ್ರು ಎದ್ದರು. "ಆಗಿರ್ಬೇಕು."

"ಇನ್ನೂ ಆರಿಲ್ಲ. ಕೂತ್ಕೊಳ್ಳಿ."

ಇಪ್ಪತ್ತು ನಿಮಿಷಕ್ಕೆ ಮತ್ತೆ ಎದ್ದರು. "ಒಂದು ತುದಿ ಎತ್ತಿ ನೋಡಿದ್ರೆ ಏನಾಗುತ್ತೆ?"

"ಮುಟ್ಟಿದ್ರೆ ಬೆಳಗಿನ ಕೆಲಸ ಎಲ್ಲಾ ನೀರಲ್ಲಿ ಹೋಮ. ಮೇಷ್ಟ್ರೇ, ಸುಮ್ಮನಿರೋಕೆ ಬರೋರು ಬೇಕು ಅಂತ ನೀವೇ ಅಂದಿದ್ರಲ್ಲ?"

ಅತ್ತೆ ಸೂಜಿ ಬಾಯಲ್ಲಿಟ್ಟುಕೊಂಡೇ ನಕ್ಕರು. ಮೇಷ್ಟ್ರು ಮುಖ ಊದಿಸಿಕೊಂಡು ಕೂತರು.

ಮಧ್ಯಾಹ್ನ ಮೂರು ಗಂಟೆಗೆ ಗಾಜು ತೆಗೆದಾಗ ರೆಕಾರ್ಡು ಚಪ್ಪಟೆಯಾಗಿ ಮಲಗಿತ್ತು. ಎರಡನೇ ಬದಿ ಹಾಕಿದರು. ಹೊರ ಅಂಚಿನಲ್ಲಿ ಒಂದು ಸಣ್ಣ ಅಲೆ ಉಳಿದಿತ್ತು. ಮೊದಲ ನಿಮಿಷ ಪಿಯಾನೋ ತುಸು ಓಲಾಡಿತು, ಆಮೇಲೆ ನೆಲೆ ಹಿಡಿಯಿತು. ನಾಲ್ಕು ನಿಮಿಷ ಯಾರೂ ಮಿಸುಕಲಿಲ್ಲ. ಟ್ರಂಪೆಟ್ ಬಂದಿತು. ಮೇಷ್ಟ್ರ ಮೂರು ಬೆರಳುಗಳು, ಟ್ರಂಪೆಟ್ಟಿನ ಗುಂಡಿಗಳ ಮೇಲಿದ್ದ ಹಾಗೆ, ಮೊಣಕಾಲಿನ ಮೇಲೆ ಒತ್ತಿ ಒತ್ತಿ ಎದ್ದವು.

ಮುಗಿದ ಮೇಲೆ ಅವರೇ ಅದನ್ನು ಕವರಿಗೆ ಸೇರಿಸಿ ಕಂಕುಳಲ್ಲಿ ಇಟ್ಟುಕೊಂಡರು. "ಮೊದಲು ಹೀಗೆ ಓಲಾಡ್ತಿರ್ಲಿಲ್ಲ."

"ಹೌದು. ಅಷ್ಟು ನನ್ನ ಕೈಲಿ ಆಗ್ಲಿಲ್ಲ."

"ಇನ್ನು ಮೇಲೆ ನಿನ್ನ ಕೈಗೆ ಒಂದನ್ನೂ ಕೊಡಲ್ಲ, ತಿಳೀತಾ?"

ಅವಳು ತಲೆ ತಗ್ಗಿಸಲಿಲ್ಲ. "ತಿಳೀತು. ಬರೋ ಶನಿವಾರ ಅಂಗಿ ತರ್ತೀನಿ, ಮತ್ತೆ ಕೇಳ್ತೀನಿ."

ಮೇಷ್ಟ್ರು ಹೊಸ್ತಿಲಲ್ಲಿ ನಿಂತು ತಿರುಗಿದರು. "ಕೇಳೋದೇನು ಬೇಡ. ನಾಳೆ ನಾನೇ ತರ್ತೀನಿ, ನಾನೇ ಹಾಕ್ತೀನಿ, ನಾನೇ ವಾಪಸ್ ಒಯ್ತೀನಿ. ಎಷ್ಟು ಹೊತ್ತಿಗೆ?"

"ಹತ್ತಕ್ಕೆ, ಮೇಷ್ಟ್ರೇ. ಕುರ್ಚಿ ನೀವೇ ತರ್ಬೇಕು."

"ಒಂದು ಕೈಲಿ ಕುರ್ಚಿ, ಒಂದು ಕೈಲಿ ರೆಕಾರ್ಡು. ನನ್ನೇನು ಕೂಲಿ ಅಂದ್ಕೊಂಡಿದೀಯಾ?" ಗೊಣಗುತ್ತಲೇ ಹೋದರು.

ಮರುದಿನ ಒಂಬತ್ತೂವರೆಗೇ ಬಂದರು. ಕುರ್ಚಿ ಇರಲಿಲ್ಲ, ಎರಡೂ ಕೈಯಲ್ಲಿ ರೆಕಾರ್ಡುಗಳಿದ್ದವು. ಅವಳು ಏನೂ ಕೇಳದೆ ತನ್ನ ಸ್ಟೂಲನ್ನು ಪ್ಲೇಯರ್ ಪಕ್ಕಕ್ಕೆ ಎಳೆದು ಕೊಟ್ಟು, ತಾನು ಬಟ್ಟೆ ಬುಟ್ಟಿಯನ್ನು ಬೋರಲು ಹಾಕಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೂತಳು.