ತಿರುವಿನ ಬಂಡೆಯ ರಾಕ್‌ಕ್ರೆಸ್

ಮೂರು ವರ್ಷದ ಹಿಂದೆ ನಾನು ಸ್ಯಾನ್ ಹೊಸೆಯ ಒಂದು ಪರಿಸರ ಸಮೀಕ್ಷೆ ಕಂಪನಿಯಲ್ಲಿ ಸೀನಿಯರ್ ಬಾಟನಿಸ್ಟ್ ಆಗಿದ್ದೆ. ಈಗಲೂ ಅದೇ ಕಂಪನಿ, ಅದೇ ಹುದ್ದೆ. ಎಲ್ಲಾದರೂ ರಸ್ತೆಯನ್ನೋ ಪೈಪ್‌ಲೈನನ್ನೋ ಮಾಡುವ ಮೊದಲು ಆ ಜಾಗದಲ್ಲಿ ಅಪರೂಪದ ಗಿಡ ಇದೆಯೇ ಎಂದು ನೋಡಿ ಕೌಂಟಿಗೆ, ಅಂದರೆ ಇಲ್ಲಿನ ಜಿಲ್ಲಾಡಳಿತಕ್ಕೆ, ವರದಿ ಕೊಡುವುದು ನಮ್ಮ ಕೆಲಸ. ಇದೆ ಎಂದರೆ ಕೆಲಸ ನಿಲ್ಲುತ್ತದೆ ಅಥವಾ ದಿಕ್ಕು ಬದಲಿಸುತ್ತದೆ. ಇಲ್ಲ ಎಂದರೆ ಮುಂದುವರಿಯುತ್ತದೆ.

ಈ ಪ್ರಸಂಗವನ್ನು ಸ್ನೇಹಿತರಿಗೆ ಹಲವು ಸಲ ಹೇಳಿದ್ದೇನೆ. ಹೇಳಿದಷ್ಟೂ ಅದರೊಳಗೆ ನಾನು ಒಳ್ಳೆಯವಳಾಗುತ್ತಾ ಹೋಗಿದ್ದೇನೆ. ಈಚಿನ ಒಂದು ಆವೃತ್ತಿಯಲ್ಲಂತೂ ಸನ್ಮಾನಕ್ಕೆಂದು ಹೊದಿಸಲು ಬಂದ ಶಾಲನ್ನು ಬೇಡವೆಂದು ಕೈಯಿಂದ ತಡೆದೂ ಬಿಟ್ಟಿದ್ದೆ. ಆದ್ದರಿಂದ ಈಗ ಬರೆಯುವಾಗ ಆ ಸನ್ಮಾನದ ದಿನದ ಫೋಟೋವನ್ನು ಕಣ್ಣೆದುರು ಇಟ್ಟುಕೊಂಡಿದ್ದೇನೆ.

ಸ್ಯಾನ್ ಹೊಸೆಯ ಪೂರ್ವಕ್ಕೆ ಬೆಟ್ಟದ ಮೇಲೊಂದು ಸಣ್ಣ ಬಡಾವಣೆ. ಕೆಳಗಿಳಿಯಲು ಇರುವುದು ಒಂದೇ ರಸ್ತೆ. ಅರ್ಧ ದಾರಿಯಲ್ಲಿ ದೊಡ್ಡ ಬಂಡೆಯೊಂದು ರಸ್ತೆಗೆ ಚಾಚಿಕೊಂಡಿತ್ತು; ಆ ತಿರುವಿನಲ್ಲಿ ಒಂದು ಸಲಕ್ಕೆ ಒಂದೇ ಗಾಡಿ ಹೋಗಬಹುದಿತ್ತು. ಅದಕ್ಕೂ ಹಿಂದಿನ ವರ್ಷ ಕಾಡಿಗೆ ಬೆಂಕಿ ಬಿದ್ದಾಗ ಮೇಲೆ ಬರುವ ಫೈರ್ ಟ್ರಕ್ಕುಗಳೂ ಕೆಳಗಿಳಿಯುವ ಕಾರುಗಳೂ ಅಲ್ಲಿ ಎದುರುಬದುರಾಗಿ ಸಿಕ್ಕಿಕೊಂಡಿದ್ದವು. ಅದಾದ ಮೇಲೆ ಬಂಡೆ ಕಡಿದು ರಸ್ತೆ ಅಗಲ ಮಾಡಲು ಕೌಂಟಿ ಒಪ್ಪಿತು. ಅಷ್ಟರಲ್ಲಿ ಸ್ಥಳೀಯ ಸಸ್ಯಪ್ರಿಯರೊಬ್ಬರು ಆ ಬಂಡೆಯ ಬಿರುಕುಗಳಲ್ಲಿ ರಾಕ್‌ಕ್ರೆಸ್ ಹೂಬಿಟ್ಟಿರುವುದನ್ನು ಕಂಡು, ಅದು ಅಪರೂಪದ ಜಾತಿ ಇರಬಹುದು ಎಂದು ಕೌಂಟಿಗೆ ಬರೆದರು. ಯಾವ ಜಾತಿ ಎಂದು ನೋಡಿ ಹೇಳುವ ಕೆಲಸ ನನಗೆ ಬಂತು.

ರಾಕ್‌ಕ್ರೆಸ್ ಎಂದರೆ ಸಾಸಿವೆ ಕುಟುಂಬದ ಕಾಡುಗಿಡ. ಬಂಡೆಗೆ ಅಂಟಿದ ಬೂದು ಎಲೆಗಳ ಚಕ್ರ, ಅದರಿಂದ ಮೇಲೆದ್ದ ತೆಳ್ಳನೆ ಕಾಂಡ, ತುದಿಯಲ್ಲಿ ನಾಲ್ಕೆಸಳಿನ ನೇರಳೆ ಹೂ. ನಮ್ಮ ಸುತ್ತಿನ ಬೆಟ್ಟಗಳಲ್ಲಿ ಹತ್ತಿರದ ಸಂಬಂಧದ ಎರಡು ಜಾತಿಗಳಿವೆ. ಅವುಗಳ ಲ್ಯಾಟಿನ್ ಹೆಸರು ಇಲ್ಲಿ ಬೇಡ. ಬರೆದರೆ ಯಾವ ಬೆಟ್ಟ ಎಂದು ತಿಳಿದವರಿಗೆ ತಿಳಿಯುತ್ತದೆ. ಒಂದು ಅಪರೂಪದ್ದು, ಇನ್ನೊಂದು ಸಾಮಾನ್ಯದ್ದು. ಮಾರ್ಚ್‌ನಲ್ಲಿ ಹೂಬಿಟ್ಟಾಗ ಎರಡನ್ನೂ ಅಕ್ಕಪಕ್ಕ ಇಟ್ಟರೂ ಖಚಿತವಾಗಿ ಹೇಳಲಾಗದು. ಲೆನ್ಸಿನಲ್ಲಿ ನೋಡಿದರೆ ಅಪರೂಪದ್ದರ ಎಲೆಯ ರೋಮಗಳು ನಕ್ಷತ್ರದಂತೆ ಕವಲೊಡೆದಿರುತ್ತವೆ, ಸಾಮಾನ್ಯದ್ದರಲ್ಲಿ ಎರಡೇ ಕವಲು. ಆದರೆ ರೋಮವೂ ಕೆಲವೊಮ್ಮೆ ಮೋಸ ಮಾಡುತ್ತದೆ. ಕೊನೆಯ ಮಾತು ಕಾಯಿಯದು. ಬಲಿತ ಮೇಲೆ ಅಪರೂಪದ್ದರ ಕಾಯಿ ಅಡ್ಡಕ್ಕೆ ಚಾಚಿ ಹಾಗೆಯೇ ನಿಲ್ಲುತ್ತದೆ. ಸಾಮಾನ್ಯದ್ದು ಕೆಳಕ್ಕೆ ಬಾಗುತ್ತದೆ. ಎಳೆಯದಿದ್ದಾಗ ಎರಡೂ ಅಡ್ಡಕ್ಕೇ ಇರುವುದರಿಂದ ಕಾಯಬೇಕು. ತೀರಾ ಕಾದರೆ ಬೇಸಿಗೆಯ ಬಿಸಿಲಿಗೆ ಕಾಯಿ ಸಿಡಿದು ಕಾಂಡವೇ ಮುರಿದುಹೋಗುತ್ತದೆ. ಖಚಿತವಾಗಿ ಹೇಳಬಲ್ಲ ಸಮಯ ವರ್ಷಕ್ಕೆ ಕೆಲವೇ ವಾರ.

ಬಂಡೆಗೆ ಅತಿ ಹತ್ತಿರದ ಮನೆ ಉಡುಪಿ ಕಡೆಯ ವಾಸಂತಿಯಮ್ಮ ಮತ್ತು ಅವರ ಗಂಡ ಶ್ರೀಧರ ರಾಯರದು. ರಾಯರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಬೆಂಕಿಯ ದಿನ ಅವರಿಬ್ಬರೂ ಆ ತಿರುವಿನಲ್ಲೇ ಕಾರಿನೊಳಗೆ ಕಿಟಕಿ ಮುಚ್ಚಿಕೊಂಡು ಕೂತಿದ್ದರಂತೆ. ಇನ್ನೊಂದು ಅಂಥ ದಿನ ತನ್ನಿಂದಾಗದು, ರಸ್ತೆ ಆಗದಿದ್ದರೆ ಈ ಮನೆಯನ್ನೇ ಬಿಡಬೇಕು ಎಂದು ವಾಸಂತಿಯಮ್ಮ ಹೇಳಿದ್ದರು. ರಾಯರಿಗೆ ಮನೆ ಬಿಡುವ ಮನಸ್ಸೇ ಇರಲಿಲ್ಲ.

ಮೊದಲ ದಿನ ನಾನು ಬೋರಲು ಮಲಗಿ ಲೆನ್ಸಿಗೆ ಕಣ್ಣಿಟ್ಟು ಎಲೆ ನೋಡುತ್ತಿದ್ದೆ. ಫೋನಿನಲ್ಲಿ ಅಮ್ಮನ ಜೊತೆ ಆಡುತ್ತಿದ್ದ ಮಾತು ವಾಸಂತಿಯಮ್ಮನ ಕಿವಿಗೆ ಬಿತ್ತು. ಗೇಟಿನಿಂದಲೇ ಕೇಳಿದರು: “ಕನ್ನಡದವಳಾ? ಮತ್ತೆ ಎಂತಕ್ಕೆ ಅಲ್ಲಿ ಬಿಸಿಲಲ್ಲಿ ಬಿದ್ದುಕೊಂಡದ್ದು? ಬಾ, ಕಾಫಿ ಉಂಟು.”

ಹೋದೆ. ರಸ್ತೆ ಬೇಕೆನ್ನುವವರ ಮನೆಯಲ್ಲಿ ಕಾಫಿ ಕುಡಿಯಬಾರದು ಎಂದು ನಮ್ಮಲ್ಲಿ ಬರೆದಿಟ್ಟ ನಿಯಮವೇನೂ ಇಲ್ಲ. ಆದರೆ ಎಲ್ಲರಿಗೂ ಗೊತ್ತು. ನನ್ನ ಮೇಲಧಿಕಾರಿ ಡೇನಿಯಲ್ ಸ್ಥಳದಲ್ಲಿ ಯಾರಾದರೂ ನೀರಿನ ಬಾಟಲಿ ಕೊಟ್ಟರೂ ಥ್ಯಾಂಕ್ಸ್ ಹೇಳಿ ಟ್ರಕ್ಕಿನಿಂದ ತನ್ನದನ್ನೇ ತಂದು ಕುಡಿಯುತ್ತಾನೆ. ನಮ್ಮವರ ಮನೆಯಲ್ಲಿ ಹಾಗೆ ಮಾಡುವುದು ಹೇಗೆ? ಆಗ ಹಾಗೆ ಯೋಚಿಸಿದೆನೋ, ಈಗ ಹಾಗೆ ಯೋಚಿಸಿದ್ದೆ ಎಂದುಕೊಳ್ಳುತ್ತಿದ್ದೇನೋ, ಹೇಳಲಾರೆ. ಕಾಫಿ ಚೆನ್ನಾಗಿತ್ತು ಎಂಬುದು ಮಾತ್ರ ನೆನಪಿದೆ.

ಮುಂದಿನ ಭೇಟಿಗಳಲ್ಲಿ ಕಾಫಿ ಊಟವಾಯಿತು. ರಾಯರು ಕುರ್ಚಿಯಲ್ಲಿ ಕೂತು ನನ್ನನ್ನು ಛೇಡಿಸುತ್ತಿದ್ದರು.

“ಸಾಸಿವೆ ಜಾತಿಗೆ ಇಷ್ಟು ಮರ್ಯಾದೆಯಾ? ನಾವಾದರೆ ಒಗ್ಗರಣೆಗೆ ಹಾಕ್ತೇವೆ.”

ಗಿಡ ಯಾವುದೆಂದು ಅವರು ಒಮ್ಮೆಯೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮೇ ಕೊನೆಯಲ್ಲಿ ಕಾಯಿಗಳು ಬಾಗಿದವು. ಬಂಡೆಯ ಮೇಲಿನ ಒಂದೊಂದು ಗಿಡವನ್ನೂ ನೋಡಿದೆ. ಅಪರೂಪದ ಜಾತಿ ಇರುವುದು ಗೊತ್ತಿದ್ದ ಇನ್ನೊಂದು ಬೆಟ್ಟಕ್ಕೂ ಹೋಗಿ, ಅಲ್ಲಿ ಕಾಯಿಗಳು ಬಲಿತೂ ಅಡ್ಡಕ್ಕೇ ನಿಂತಿರುವುದನ್ನು ನೋಡಿ ಬಂದೆ. ರೋಮವೂ ಕಾಯಿಯೂ ಒಂದೇ ಮಾತು ಹೇಳುತ್ತಿದ್ದವು: ತಿರುವಿನ ಬಂಡೆಯ ಮೇಲಿದ್ದದ್ದು ಸಾಮಾನ್ಯದ್ದು. ವರದಿ ಕಳಿಸಿದೆ. ಅದು ಕೌಂಟಿಯ ವೆಬ್‌ಸೈಟಿನಲ್ಲಿ ಬಂತು. ಆಕ್ಷೇಪಣೆ ಸಲ್ಲಿಸಲು ಇನ್ನೂ ಸಮಯವಿತ್ತು. ಅದು ಮುಗಿದ ಮೇಲೆಯೇ ಅನುಮತಿ.

ಆ ನಡುವಿನ ಒಂದು ಭಾನುವಾರ ಕ್ಯುಪರ್ಟಿನೋದ ಶಾಲೆಯೊಂದರ ಸಭಾಂಗಣದಲ್ಲಿ ಕನ್ನಡ ಸಂಘದ ಕಾರ್ಯಕ್ರಮವಿತ್ತು. ವಾಸಂತಿಯಮ್ಮ ಬರಲೇಬೇಕು ಎಂದಿದ್ದರು. ಮಕ್ಕಳ ಹಾಡು ಮುಗಿಯಿತು. ಸಂಘದ ಕಾರ್ಯದರ್ಶಿ ಮಹೇಶ್, ಮಂಡ್ಯದವರು, ಮೈಕ್ ಹಿಡಿದು ನನ್ನ ಹೆಸರು ಕರೆದರು. ಎದ್ದು ನಿಂತೆ. ವೇದಿಕೆಯ ಮೇಲೊಂದು ಕುರ್ಚಿ, ತಟ್ಟೆಯಲ್ಲಿ ಹಣ್ಣು, ಜರಿಯಂಚಿನ ಶಾಲು, ಹಾರ. ಊರಿಗೆ ಉಪಕಾರ ಮಾಡಿದವರನ್ನು ಕರೆದು ಕೂರಿಸಿ ಶಾಲು ಹೊದಿಸುವುದು ನಮ್ಮಲ್ಲಿ ಸಾಮಾನ್ಯ. ಅದರಲ್ಲಿ ಯಾರಿಗೂ ಏನೂ ತಪ್ಪು ಕಾಣುವುದಿಲ್ಲ.

ಸಾಲುಗಳ ನಡುವೆ ನಡೆಯುವಾಗ ಅನುಮತಿ ಇನ್ನೂ ಬಂದಿಲ್ಲ ಎಂಬುದು ನನಗೆ ಗೊತ್ತಿತ್ತು. ಮೈಕ್ ಕೇಳಿ, ಇದು ಸರಿಯಲ್ಲ ಎಂದು ಎರಡು ಮಾತು ಹೇಳಿ ಇಳಿಯಬಹುದಿತ್ತು. ನಾನು ಕುರ್ಚಿಯಲ್ಲಿ ಕೂತೆ.

ಮಹೇಶ್ ಶಾಲು ಹೊದಿಸುತ್ತಾ ಹೇಳಿದರು: “ನಮ್ ಹೆಣ್ಮಗ್ಳು, ನೋಡಿ. ಅಷ್ಟ್ ದೊಡ್ಡ ಆಫೀಸಲ್ ಕೂತ್ಕೊಂಡು ನಮ್ಮೋರ ಕೈ ಬಿಡ್ಲಿಲ್ಲ.”

ಚಪ್ಪಾಳೆ ಬಿತ್ತು. ನನ್ನ ನೆನಪಿನಲ್ಲಿ ನಾನು ತಲೆ ತಗ್ಗಿಸಿದ್ದೇನೆ. ಫೋಟೋದಲ್ಲಿ ನಗುತ್ತಿದ್ದೇನೆ. ಮುಜುಗರದ ನಗೆಯಲ್ಲ; ಹಲ್ಲು ಕಾಣುವ, ಖುಷಿಯ ನಗೆ. ಮುಂದಿನ ಸಾಲಿನಲ್ಲಿ ವಾಸಂತಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾರೆ.

ಫೋಟೋವೂ ವೀಡಿಯೋವೂ ವಾಟ್ಸ್ಯಾಪ್ ಗುಂಪಿಗೆ ಹೋದವು. ಅಲ್ಲಿಂದ ಯಾರೋ ಹೆಮ್ಮೆಯಿಂದ, ಮಹೇಶ್ ಅವರ ಮಾತನ್ನು ಇಂಗ್ಲಿಷಿನಲ್ಲಿ ಬರೆದು, ಬಡಾವಣೆಯ ಆನ್‌ಲೈನ್ ಗುಂಪಿಗೆ ಹಾಕಿದರು. ಆ ವಾರವೇ ಅದು, ರಸ್ತೆ ಬೇಡವೆನ್ನುವವರ ಆಕ್ಷೇಪಣೆಯ ಜೊತೆ, ಕೌಂಟಿಗೆ ತಲುಪಿತು.

ಡೇನಿಯಲ್ ನನ್ನನ್ನು ಕರೆದು ಬಾಗಿಲು ಹಾಕಿದ. ಬಂಡೆಯ ಪಕ್ಕದವರ ಮನೆಯಲ್ಲಿ ಊಟ ಮಾಡಿದ್ದೀಯಾ ಎಂದು ಕೇಳಿದ. ಹೌದು ಎಂದೆ. ಎಷ್ಟು ಸಲ ಎಂದು ಕೇಳಲಿಲ್ಲ, ಕೇಳಿದ್ದರೆ ಚೆನ್ನಾಗಿತ್ತು. ಅವನು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ್ದು ಇಷ್ಟು: “ನೀನು ಹೇಳಿದ ಜಾತಿ ತಪ್ಪು ಎಂದು ಯಾರೂ ಹೇಳುತ್ತಿಲ್ಲ, ಸುಮಾ. ನಿನ್ನ ಮಾತನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎನ್ನುತ್ತಿದ್ದಾರೆ.”

ವರದಿಯನ್ನು ಬದಿಗಿಟ್ಟರು. ಬೇರೆ ಕಂಪನಿಯ ಬಾಟನಿಸ್ಟ್ ಹೊಸದಾಗಿ ನೋಡಬೇಕೆಂದಾಯಿತು. ಅಷ್ಟರಲ್ಲಿ ಕಾಯಿಗಳು ಸಿಡಿದು ಕಾಂಡಗಳು ಮುರಿದಿದ್ದವು. ಬಂಡೆಯ ಮೇಲೆ ಉಳಿದಿದ್ದು ಒಣಗಿದ ಎಲೆಚಕ್ರ ಮಾತ್ರ. ಮುಂದಿನ ಮೇ ತಿಂಗಳವರೆಗೆ ಯಾರೂ ಏನೂ ಹೇಳುವಂತಿರಲಿಲ್ಲ.

ನಡುವೆ ಬೆಂಕಿಯ ಕಾಲ ಬಂತು. ಕಾಡ್ಗಿಚ್ಚು ಹಬ್ಬಿಸುವ ಗಾಳಿಯ ಎಚ್ಚರಿಕೆ ಶುರುವಾದ ಮೊದಲ ವಾರವೇ ವಾಸಂತಿಯಮ್ಮ ರಾಯರನ್ನು ಕರೆದುಕೊಂಡು ಸ್ಯಾನ್ ಮಟಿಯೋದಲ್ಲಿದ್ದ ಮಗಳ ಅಪಾರ್ಟ್‌ಮೆಂಟಿಗೆ ಹೋದರು. ಮಳೆ ಬಂದ ಮೇಲೆ ವಾಪಸು ಹೋಗೋಣ ಎಂದಿದ್ದರಂತೆ. ಹೋಗಲಿಲ್ಲ. ವಸಂತದಲ್ಲಿ, ಬಂಡೆಯ ಮೇಲೆ ಮತ್ತೆ ನೇರಳೆ ಹೂ ಬಂದಾಗ, ಮನೆ ಮಾರಾಟವಾಯಿತು.

ಹೊಸ ಬಾಟನಿಸ್ಟಿನ ವರದಿ ಜೂನ್‌ನಲ್ಲಿ ಬಂತು. ಸಾಮಾನ್ಯ ಜಾತಿ. ನಾನು ಬರೆದ ಲಕ್ಷಣಗಳೇ, ಹೆಚ್ಚುಕಡಿಮೆ ಅದೇ ಕ್ರಮದಲ್ಲಿ. ಡೇನಿಯಲ್ ಅದನ್ನು ನನಗೆ ಕಳಿಸಿದ. ಓದಿದಾಗ ಒಂದು ಕ್ಷಣ ಗೆದ್ದಂತಾಯಿತು. ಆ ಒಂದು ಕ್ಷಣಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ನಾಚಿಕೆಯಾಗುತ್ತದೆ. ಆ ಬೇಸಿಗೆಯಲ್ಲೇ ಬಂಡೆ ಕಡಿದರು. ಈಗ ಆ ತಿರುವಿನಲ್ಲಿ ಎರಡು ಟ್ರಕ್ಕುಗಳು ಆರಾಮವಾಗಿ ಅಕ್ಕಪಕ್ಕ ಹೋಗುತ್ತವೆ.

ಈ ಕೆಲಸ ನನಗೆ ಕಲಿಸಿದ್ದನ್ನು ಹೇಳಬೇಕೆಂದರೆ, ಬೇಡ ಎನ್ನುವುದನ್ನು ಮೊದಲ ಲೋಟ ಕಾಫಿಯ ದಿನವೇ ಹೇಳಬೇಕು. ವೇದಿಕೆಯ ಮೇಲೆ ಆ ಮಾತು ಬಾಯಿಗೆ ಬರುವುದಿಲ್ಲ. ಈಗ ನಾನೂ ಟ್ರಕ್ಕಿನಲ್ಲಿ ನನ್ನ ನೀರು ಇಟ್ಟುಕೊಳ್ಳುತ್ತೇನೆ. ಕನ್ನಡ ಕೇಳಿಸಿದ ಗೇಟುಗಳ ಮುಂದೆ ತಲೆ ಎತ್ತದೆ ಎಲೆ ನೋಡುತ್ತೇನೆ. ಜಂಬ ಎಂದುಕೊಂಡವರಿದ್ದಾರೆ. ಇದು ಪಾಠವೋ ಬರೀ ಹೆದರಿಕೆಯೋ, ಖಚಿತವಿಲ್ಲ.

ರಸ್ತೆಯ ಸುದ್ದಿ ಕೇಳಿ ವಾಸಂತಿಯಮ್ಮ ಫೋನ್ ಮಾಡಿದ್ದರು. ಹಿಂದೆ ಲಿಫ್ಟಿನ ಸದ್ದು, ಟಿವಿಯ ಸದ್ದು. ರಾಯರು ದಿನವಿಡೀ ಕಿಟಕಿಯಿಂದ ಪಾರ್ಕಿಂಗ್ ಲಾಟ್ ನೋಡುತ್ತಾ ಕೂರುತ್ತಾರೆ, ಮೊದಲಿನ ಹಾಗೆ ಯಾರನ್ನೂ ಛೇಡಿಸುವುದಿಲ್ಲ ಎಂದರು. ಆಮೇಲೆ, ಬಹಳ ದಿನದಿಂದ ಇಟ್ಟುಕೊಂಡ ಮಾತಿನ ಹಾಗೆ ಹೇಳಿದರು: “ಶಾಲು ಹೊದಿಸುವಾ ಅಂತ ಮಹೇಶನಿಗೆ ಹೇಳಿದ್ದು ನಾನೇ ಮಾರಾಯ್ತಿ. ನನ್ನಿಂದ ನಿನ್ನ ಹೆಸರು ಹಾಳಾಯ್ತು. ಹೀಗೆಲ್ಲ ಆಗ್ತದೆ ಅಂತ ನಮಗೆ ಎಂತ ಗೊತ್ತು? ನಿನಗೂ ಗೊತ್ತಿರ್ಲಿಲ್ಲ ಅಲ್ವಾ?”

ಗೊತ್ತಿತ್ತು ಎಂದು ಹೇಳಲು ಬಾಯಿ ತೆರೆದೆ. ಅವರು ಕಾಯುತ್ತಿದ್ದರು.

“ಇರ್ಲಿಲ್ಲ” ಎಂದೆ.

“ಹಾಂ, ಮತ್ತೆ” ಎಂದರು ಅವರು, ಸಮಾಧಾನದಿಂದ. “ಒಂದು ದಿನ ಊಟಕ್ಕೆ ಬಾ.”