ಆರು ಸೋಫಾಗಳ ಟಿಕೆಟ್ಟು

ನಮ್ಮ ಅಕ್ಕ ಒಂದು ಸಲ "ಮಾಡ್ತೀನಿ" ಅಂದರೆ ಮುಗಿಯಿತು, ಆಮೇಲೆ ಯಾರು ತಲೆ ಕೆಳಗಾಗಿ ನಿಂತರೂ ಆ ಮಾತು ಬದಲಾಗುವುದಿಲ್ಲ. ಅವಳನ್ನು ಹಟಮಾರಿ ಅನ್ನುವ ಹಕ್ಕು ನನ್ನೊಬ್ಬಳದು. ಬೇರೆ ಯಾರಾದರೂ ಅಂದು ನೋಡಲಿ, ನಾನು ಸುಮ್ಮನಿರುವವಳಲ್ಲ.

ಅವಳ ಕೆಲಸ ಕುರ್ಚಿ, ಸೋಫಾಗಳಿಗೆ ಹೊಸ ಸ್ಪಂಜು ಹಾಕಿ ಬಟ್ಟೆ ಹೊದಿಸುವುದು. ಬೀದಿಯವರು ಕರೆಯುವುದೇ ಕುರ್ಚಿಯಕ್ಕ ಎಂದು. ಊರಿನ ದೊಡ್ಡ ಸಭಾಂಗಣದ ಎಂಟುನೂರು ಸೀಟುಗಳಿಗೂ ಇಪ್ಪತ್ತು ವರ್ಷಗಳಿಂದ ಅವಳದೇ ಹೊಲಿಗೆ. ಒಂದು ಸೀಟು ಮುಗಿಸಿದರೆ ಅದರಲ್ಲಿ ತಾನೇ ಐದು ನಿಮಿಷ ಕೂತು ನೋಡಬೇಕು. "ಕೂತೋರಿಗೆ ಸೊಂಟ ನೋವು ಬಂದ್ರೆ ಬೈಯೋದು ನನ್ನನ್ನೇ ತಾನೆ?" ಅನ್ನುತ್ತಾಳೆ. ಹಾಗೆ ಕೂತಾಗ ವೇದಿಕೆಯ ಮೇಲೆ ಯಾರಾದರೂ ಅಭ್ಯಾಸ ಮಾಡುತ್ತಿರುತ್ತಾರೆ. ಹೀಗಾಗಿ ಯಾವ ಸೀಟಿನಲ್ಲಿ ಹಾಡು ಹೇಗೆ ಕೇಳಿಸುತ್ತದೆ ಎಂಬುದು ಆ ಕಟ್ಟಡ ಕಟ್ಟಿದವರಿಗಿಂತ ಅವಳಿಗೇ ಚೆನ್ನಾಗಿ ಗೊತ್ತು.

ಇನ್ನು ನನ್ನ ವಿಷಯ. ನಾನು ಅವಳ ತಂಗಿ, ಅವಳ ಜೊತೆಗೇ ಹಳೆ ಮೊಳೆ ಕೀಳುವವಳು, ಬಟ್ಟೆ ಕತ್ತರಿಸುವವಳು. ನನ್ನ ಎಡಗಿವಿ ಹೋಗಿ ನಾಲ್ಕು ವರ್ಷವಾಯಿತು. ಬಲಗಿವಿಯೂ ವರ್ಷ ತುಂಬುವುದರೊಳಗೆ ಹೋಗುತ್ತದೆ, ಮಿಷನ್ನು ಹಾಕಿಕೊಂಡರೂ ಪ್ರಯೋಜನವಿಲ್ಲ ಎಂದರು ಡಾಕ್ಟರು. ಕಾಗದದ ಮೇಲೆ ಬರೆದು ತೋರಿಸಿದರು, ಪುಣ್ಯಾತ್ಮ. ಕಿವಿ ಕೆಟ್ಟ ಮೇಲೆ ನಾನು ಆಡುವ ಮಾತೆಲ್ಲ ಕಿರುಚಿದ ಹಾಗಿರುತ್ತದಂತೆ. ನಾಲ್ಕು ಜನರ ನಡುವೆ ನನ್ನ ದನಿ ಏರಿದರೆ ಅಕ್ಕ ನನ್ನ ಮಣಿಕಟ್ಟು ಒತ್ತುತ್ತಾಳೆ. ಮೆಲ್ಲಗೆ ಅಂತ ಅರ್ಥ.

ಅದೇ ತಿಂಗಳು ಆ ಗಾಯಕಿ ಬರುತ್ತಾಳೆಂಬ ಸುದ್ದಿ ಬಂತು. ಹುಡುಗಿಯರಾಗಿದ್ದಾಗ ಇಬ್ಬರ ನಡುವೆ ರೇಡಿಯೊ ಇಟ್ಟುಕೊಂಡು ನಾವು ಕೇಳಿ ಬೆಳೆದದ್ದು ಅವಳ ಹಾಡುಗಳನ್ನೇ. ಅಕ್ಕ ಕತ್ತರಿ ಕೆಳಗಿಟ್ಟು ನನ್ನ ಬಲಗಿವಿಯ ಹತ್ತಿರ ಬಂದಳು. "ನಿನ್ನ ಕಿವಿ ಹೋಗೋಕೆ ಮುಂಚೆ ಅವಳ ಹಾಡು ಕೇಳಿಸ್ತೀನಿ. ಪದ ಪದಾನೂ ಕೇಳಿಸ್ತೀನಿ."

ಮರುದಿನವೇ ನನ್ನನ್ನು ಸಭಾಂಗಣಕ್ಕೆ ಎಳೆದುಕೊಂಡು ಹೋದಳು. ವೇದಿಕೆಯ ಮೇಲೆ ಯಾವುದೋ ಶಾಲೆಯವರು ಹಾಡುತ್ತಿದ್ದರು. ಮೊದಲನೇ ಸಾಲಿನಲ್ಲಿ ಕೂತರೆ ಸ್ಪೀಕರಿನ ಅಬ್ಬರ, ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ನಡುವಿನ ಸಾಲುಗಳಲ್ಲಿ ಬರೀ ಗುಂಯ್ ಅನ್ನುವ ಸದ್ದು. ಕೊನೆಗೆ ಹಿಂದಿನಿಂದ ಎರಡನೇ ಸಾಲಿಗೆ ಕರೆದೊಯ್ದು, ಮರದ ಗೋಡೆಗೆ ತಾಗಿದ ಸೀಟಿನಲ್ಲಿ ಕೂರಿಸಿ, ನನ್ನ ಬಲಗಿವಿಯನ್ನು ಗೋಡೆಗೆ ಆನಿಸಿದಳು. ಪದಗಳು ಬಂದವು! ಒಂದೊಂದೂ ಬಿಡಿಬಿಡಿಯಾಗಿ ಬಂದವು. "ಅಕ್ಕಾ, ಕೇಳಿಸ್ತಿದೆ ಕಣೇ!" ಎಂದು ನಾನು ಕೂಗಿದ ರಭಸಕ್ಕೆ ವೇದಿಕೆಯವರು ಹಾಡು ನಿಲ್ಲಿಸಿಬಿಟ್ಟರು. ಅಕ್ಕ ಮಣಿಕಟ್ಟು ಒತ್ತಿದಳು.

ಅದು ಎಲ್ಲಕ್ಕಿಂತ ಅಗ್ಗದ ಸಾಲು. ಆದರೆ ಅಕ್ಕ ಸರದಿಯಲ್ಲಿ ನಿಂತು ಕೌಂಟರ್ ಮುಟ್ಟುವಷ್ಟರಲ್ಲಿ ಆ ಸೀಟು ಹೋಗಿತ್ತು. ಏಳನೇ ನಂಬರ್ ಬಸ್ಸಿನ ಕಂಡಕ್ಟರ್ ತೆಗೆದುಕೊಂಡು ಹೋದರು ಎಂದ ಕೌಂಟರಿನವನು. ನಾವು ನೇರ ಹೋಗಿ ಆ ಬಸ್ಸು ಹತ್ತಿದೆವು.

"ದಿನಕ್ಕೆ ಎಂಟುನೂರು ಟಿಕೆಟ್ ಹರಿದು ಕೊಡ್ತೀನಮ್ಮ. ಇದೊಂದನ್ನ ಮಾತ್ರ ಕೊಡಲ್ಲ," ಎಂದ ಕಂಡಕ್ಟರ್. ಅಕ್ಕ ಎರಡರಷ್ಟು ಬೆಲೆ ಹೇಳಿದಳು, ನಾಲ್ಕರಷ್ಟು ಹೇಳಿದಳು. ಅವನು ಜಪ್ಪಯ್ಯ ಅನ್ನಲಿಲ್ಲ. "ಹದಿನೈದು ವರ್ಷದಿಂದ ಅವರ ಮುಖ ನೋಡ್ಬೇಕು ಅಂತಿದೀನಿ."

"ಅಷ್ಟು ಹಿಂದಿನಿಂದ ಮುಖ ಏನ್ರೀ ಕಾಣುತ್ತೆ?"

"ನನ್ನ ಸಂಬಳಕ್ಕೆ ಎಷ್ಟು ಕಾಣುತ್ತೋ ಅಷ್ಟು."

"ಮೊದಲನೇ ಸಾಲಿನ ಟಿಕೆಟ್ ಕೊಟ್ರೆ ಬದಲಾಯಿಸ್ಕೊಳ್ತೀರಾ?"

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಕಂಡಕ್ಟರೂ ನಕ್ಕ. "ತಂದ್ಕೊಡಿ ನೋಡೋಣ!" ಅಕ್ಕ ನಗಲಿಲ್ಲ. "ಮಾತು ಕೊಟ್ಟಿದೀರ, ನೆನಪಿರಲಿ," ಎಂದು ಇಳಿದಳು.

ಮೊದಲನೇ ಸಾಲಿನಲ್ಲಿ ಉಳಿದಿದ್ದ ನಾಲ್ಕು ಟಿಕೆಟ್ಟುಗಳನ್ನು ಪೇಟೆಯ ಸೋಫಾ ಅಂಗಡಿಯ ಯಜಮಾನ ಮೊದಲೇ ಬಾಚಿಕೊಂಡು, ಒಂದಕ್ಕೆ ಹನ್ನೆರಡರಷ್ಟು ಬೆಲೆ ಹೇಳುತ್ತಾ ಕೂತಿದ್ದ. ಅದು ನಮ್ಮಿಬ್ಬರ ಮೂರು ತಿಂಗಳ ದುಡಿಮೆ. ನನಗೆ ಮೈಯೆಲ್ಲ ಉರಿದುಹೋಯಿತು, ಬಾಯಿಗೆ ಬಂದ ಹಾಗೆ ಬೈದೆ. ಅಕ್ಕ ಮಣಿಕಟ್ಟು ಒತ್ತಿದಳು, ಆದರೆ ಅವಳ ಕಣ್ಣು ಬೇರೆ ಕಡೆ ಇತ್ತು. ಮೂಲೆಯಲ್ಲಿ ಆರು ಹಳೆ ಸೋಫಾಗಳು ಮಾರಾಟವಾಗದೆ ಬಿದ್ದಿದ್ದವು. ಹೋಗಿ ಒಂದರ ಮೇಲೆ ಕೂತಳು, ಎದ್ದಳು, ಸೊಂಟ ಸವರಿಕೊಂಡಳು.

"ಈ ಆರನ್ನೂ ಹೊಸದು ಮಾಡಿಕೊಡ್ತೀನಿ. ಒಂದು ಟಿಕೆಟ್ ಕೊಡಿ."

ಗಾಯಕಿ ಬರಲು ಇದ್ದದ್ದು ಹನ್ನೊಂದು ದಿನ. ಹಗಲೆಲ್ಲ ಅಂಗಡಿಯ ಹಿಂದಿನ ಕೋಣೆಯಲ್ಲಿ ಸ್ಪಂಜಿನ ಪುಡಿ ನುಂಗುತ್ತಾ ಕೂತೆವು. ಮೂರನೇ ಸೋಫಾ ಹೊಲಿಯುವಾಗ ಅಕ್ಕನ ಹೆಬ್ಬೆರಳಿಗೆ ಸೂಜಿ ಹೊಕ್ಕಿತು. ಬಟ್ಟೆ ಸುತ್ತಿಕೊಂಡು ಮತ್ತೆ ಹೊಲಿದಳು. "ತಲೆ ಕೆಟ್ಟಿದೆಯಾ ನಿಂಗೆ? ಒಂದು ಸಾಯಂಕಾಲಕ್ಕೆ ಆರು ಸೋಫಾನಾ? ನಂಗೆ ಬೇಡ!" ಎಂದು ಕೂಗಾಡಿದೆ. ಅವಳು ಇಕ್ಕಳ ನನ್ನ ಕೈಗೆ ತುರುಕಿ, "ಬಾಯಿ ಮುಚ್ಚಿ ಮೊಳೆ ಕೀಳು," ಅಂದಳು. ನಿಜ ಹೇಳಿಬಿಡುತ್ತೇನೆ, ನನಗೆ ಬೇಕಿತ್ತು. ಬೇಡ ಬೇಡ ಅನ್ನುತ್ತಲೇ ಎಷ್ಟು ಆಸೆಪಟ್ಟಿದ್ದೆನೆಂದರೆ, ಅವಳ ಬೆರಳು ನೋಡಿದಾಗಲೆಲ್ಲ ನಾಚಿಕೆಯಾಗುತ್ತಿತ್ತು.

ಹನ್ನೊಂದನೇ ದಿನ ಮಧ್ಯಾಹ್ನ ಆರೂ ಸೋಫಾಗಳು ಸಿದ್ಧವಾದವು. ಯಜಮಾನ ಒಂದು ಸುತ್ತು ಬಂದು, ಗಲ್ಲ ಕೆರೆದುಕೊಂಡು, "ದಿಂಬುಗಳನ್ನೂ ಹೊಲಿದುಬಿಡಿ, ಆಮೇಲೆ ಟಿಕೆಟ್ ಕೊಡ್ತೀನಿ," ಎಂದ. ಎಂಥ ಮನುಷ್ಯ! ನಾನು ಬಾಯಿ ತೆಗೆಯುವುದರೊಳಗೆ ಅಕ್ಕ ಅಂಗಡಿ ಬಾಗಿಲಿನ ಎದುರಿಗಿದ್ದ ಸೋಫಾದ ಮೇಲೆ ಕಾಲು ಮಡಿಚಿ ಕೂತಳು.

"ಟಿಕೆಟ್ ಬರೋ ತನಕ ಈ ಸೋಫಾಗೆ ನಾನೇ ದಿಂಬು."

ಗಿರಾಕಿಗಳು ಬಂದರು, ನೋಡಿದರು, ಹೋದರು. ಒಬ್ಬಾಕೆ ದಿಂಬಿನ ಬೆಲೆ ಕೇಳಿದಳಂತೆ. ಒಂದು ಗಂಟೆ ಕಳೆದ ಮೇಲೆ ಯಜಮಾನ ಟಿಕೆಟ್ಟು ತಂದು ಅವಳ ಕೈಗಿಟ್ಟ.

ಸಂಜೆ ಸಭಾಂಗಣದ ಮೆಟ್ಟಿಲ ಹತ್ತಿರ ಕಂಡಕ್ಟರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದ. ಅಕ್ಕ ಟಿಕೆಟ್ಟು ಚಾಚಿದಾಗ ಅವನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಬೆಳಕಿಗೆ ಹಿಡಿದು ನೋಡಿದ, ತಿರುಗಿಸಿ ನೋಡಿದ. "ಅಮ್ಮಾ, ಇದನ್ನ ಮಾರಿದ್ರೆ ಎಷ್ಟು ಬರುತ್ತೆ ಗೊತ್ತಾ ನಿಮಗೆ?"

"ಗೊತ್ತು. ನಿಮ್ಮದು ಕೊಡಿ."

ತನ್ನ ಟಿಕೆಟ್ಟನ್ನು ಎರಡೂ ಕೈಯಿಂದ ಕೊಟ್ಟು, ಬಸ್ಸು ತಪ್ಪಿಹೋಗುತ್ತದೆ ಅನ್ನುವ ಹಾಗೆ ಒಳಗೆ ಓಡಿದ.

ನಮ್ಮ ಕೈಯಲ್ಲಿದ್ದದ್ದು ಒಂದೇ ಟಿಕೆಟ್ಟು. ನನ್ನ ಕಾಲು ಮುಂದೆ ಹೋಗಲಿಲ್ಲ. ಅಕ್ಕ ನನ್ನ ಬೆನ್ನಿಗೊಂದು ಗುದ್ದಿದಳು. "ನಾನು ಎಂಟುನೂರು ಸೀಟಲ್ಲೂ ಕೂತಾಗಿದೆ. ನೀನು ಹೋಗು."

ಎರಡು ಗಂಟೆ ಗೋಡೆಗೆ ಕಿವಿ ಆನಿಸಿ ಕೂತಿದ್ದೆ. ಪಕ್ಕದವರು ನನಗೆ ನಿದ್ದೆ ಬಂದಿದೆ ಅಂದುಕೊಂಡಿರಬೇಕು. ಕೊನೆಯ ಹಾಡು ನಮ್ಮ ರೇಡಿಯೊದ ಹಾಡು. ಪಲ್ಲವಿ, ಮೂರು ಚರಣ, ಅವಳು ನಡುವೆ ಉಸಿರು ಎಳೆದುಕೊಂಡದ್ದು ಕೂಡ, ಎಲ್ಲ ಕೇಳಿಸಿತು.

ಹೊರಗೆ ಬಂದಾಗ ಅಕ್ಕ ಮೆಟ್ಟಿಲ ಮೇಲೆ ಕೂತಿದ್ದಳು. ಆ ಜನಜಂಗುಳಿಯಲ್ಲಿ ನನಗೇನೂ ಕೇಳಿಸದು, ಅವಳ ತುಟಿ ನೋಡಿ ತಿಳಿದುಕೊಂಡೆ. "ಕೇಳಿಸ್ತಾ?"

ಉತ್ತರ ಹೇಳಲು ಬಾಯಿ ತೆರೆದೆ. ಮಾತಿನ ಬದಲು ಹಾಡು ಹೊರಟಿತು. ಅಲ್ಲೇ ನಿಂತು ಪಲ್ಲವಿ ಎತ್ತಿಕೊಂಡೆ. ಶ್ರುತಿ ಎಲ್ಲಿತ್ತೋ ಏನೋ, ಜನ ತಿರುಗಿ ತಿರುಗಿ ನೋಡಿದರು. ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಈಗ ಒತ್ತುತ್ತಾಳೆ ಎಂದು ದನಿ ತಗ್ಗಿಸಿದೆ.

ಅವಳು ಒತ್ತಲಿಲ್ಲ. ನನ್ನ ಬಲಗಿವಿಗೆ ಬಾಯಿ ತಂದು ಹೇಳಿದಳು: "ಜೋರಾಗಿ ಹಾಡೇ. ನಾನು ಹೊರಗಿದ್ನಲ್ಲ, ನಂಗೊಂದೂ ಕೇಳಿಸಿಲ್ಲ."